ಸ್ಪ್ಲೆಂಡರ್‌ಗೆ ಜಿಪಿಎಸ್ ಕೂರಿಸಿದ್ದು: ಐದು ತಿಂಗಳು, ಎರಡು ಚಾರ್ಜರ್, ಒಂದು ಸತ್ತ ಬ್ಯಾಟರಿ

ನನ್ನದು ತೋಟಗಳ ಡ್ರಿಪ್ (ಹನಿ ನೀರಾವರಿ) ಸರ್ವೀಸ್ ಕೆಲಸ. ಮನೆ ಮಂಡ್ಯದಲ್ಲಿ. ದಿನಕ್ಕೆ ನಾಲ್ಕೈದು ತೋಟ: ಬೆಳಿಗ್ಗೆ ಕೆರಗೋಡು ಕಡೆ, ಮಧ್ಯಾಹ್ನ ಬಸರಾಳು, ಕೆಲವು ದಿನ ಪಾಂಡವಪುರ ದಾಟಿ ಜಕ್ಕನಹಳ್ಳಿವರೆಗೆ. ಮೊದಲೆಲ್ಲ ಊರ ಬಾಗಿಲಲ್ಲಿ ಯಾರನ್ನಾದರೂ ಕೇಳಿದರೆ ತೋಟದ ತನಕ ಕರೆದುಕೊಂಡು ಹೋಗಿ ಬಿಡುತ್ತಿದ್ದರು. ಈಗ "ಸಾ, ಲೊಕೇಸನ್ ಹಾಕಿವ್ನಿ, ಬಂದ್ಬುಡಿ" ಅಂತ ಫೋನ್ ಇಟ್ಟುಬಿಡುತ್ತಾರೆ. ಬಂದ್ಬುಡೋದು ಹೇಗೆ? ಎಡಗೈಯಲ್ಲಿ ಫೋನ್, ಬಲಗೈಯಲ್ಲಿ ಎಕ್ಸಿಲರೇಟರ್, ಕ್ಲಚ್ ಹಿಡಿಯಬೇಕಾದಾಗ ಫೋನ್ ಬಾಯಲ್ಲಿ.

ಜನವರಿಯಲ್ಲಿ ಒಂದು ಸಂಜೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಹೀಗೇ ಬರುತ್ತಿದ್ದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ಸ್ಕ್ರೀನ್ ಬೆಳಕಿಗೆ ಕಣ್ಣು ಕಟ್ಟಿದಂತಾಗಿ ಅಂಚು ಎಲ್ಲಿದೆ ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಗಾಡಿ ನಿಲ್ಲಿಸಿ ಟ್ರ್ಯಾಕ್ಟರ್‌ಗೆ ದಾರಿ ಬಿಟ್ಟು, ಮನೆಗೆ ಬಂದವನೇ ಒಂದು ಚೀಟಿಯಲ್ಲಿ ಬರೆದೆ: ಕೈಯಲ್ಲಿ ಫೋನ್ ಇನ್ನು ಬೇಡ.

ಗಾಡಿ 2009ರ ಸ್ಪ್ಲೆಂಡರ್ ಪ್ಲಸ್, ಕಿಕ್ ಸ್ಟಾರ್ಟ್, ಟ್ಯಾಂಕ್ ಮೇಲೆ ಇನ್ನೂ ಹೀರೊ ಹೋಂಡಾ ಅಂತಲೇ ಇದೆ. ಬ್ಯಾಟರಿ 12 ವೋಲ್ಟ್, 2.5 ಎಎಚ್ (ಆಂಪ್-ಗಂಟೆ, ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ). ಈ 2.5 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಕಳೆದದ್ದು ಅದೇ.

1. ಯಾವ ಡಬ್ಬಿ? (ಜನವರಿ ಕೊನೆ)

ಬೈಕಿಗೆಂದೇ ಮಾಡಿದ ಗಾರ್ಮಿನ್ ಜುಮೋ ನೋಡಿದೆ. ನೀರು ತಡೆಯುತ್ತೆ, ಬಿಸಿಲಲ್ಲೂ ಕಾಣುತ್ತೆ, ಗ್ಲೌಸ್ ಹಾಕಿಕೊಂಡೇ ಒತ್ತಬಹುದು. ಬೆಲೆ ನೋಡಿದ ಮೇಲೆ, ಅದನ್ನು ಕೊಂಡರೆ ಅದರ ಕೆಳಗೆ ಇರೋ ಗಾಡಿಗಿಂತ ಅದೇ ದುಬಾರಿ ಅನ್ನಿಸಿ ಬಿಟ್ಟೆ. ಲಡಾಖ್‌ಗೆ ಹೋಗೋರಿಗೆ ಸರಿ, ದುದ್ದಕ್ಕೆ ಹೋಗೋನಿಗೆ ಅಲ್ಲ.

ಆಮೇಲೆ ಮಾಡಿದ್ದು ಮೊದಲ ತಪ್ಪು. ಮೈಸೂರಿನಲ್ಲಿ ಪರಿಚಯದವರೊಬ್ಬರ ಹತ್ತಿರ ಕಾರಿನ ಹಳೇ ನ್ಯಾವಿಗೇಟರ್ ಇತ್ತು, 1,500ಕ್ಕೆ ತಂದೆ. ಮನೆಯೊಳಗೆ ಬಹಳ ಚೆನ್ನಾಗಿ ಕಾಣಿಸಿತು. ಹೊರಗೆ ಹಿಡಿದರೆ ಸ್ಕ್ರೀನಿನಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಇಲ್ಲ. ನಕ್ಷೆ ಎಷ್ಟು ಹಳೆಯದೆಂದರೆ ಮಂಡ್ಯ ಬೈಪಾಸೇ ಅದರಲ್ಲಿಲ್ಲ. ನೀರು ಬಿದ್ದರೆ ಅಷ್ಟೇ, ಹಿಂಭಾಗದಲ್ಲಿ ಸ್ಪೀಕರ್ ತೂತು ಬಾಯಿ ಬಿಟ್ಟುಕೊಂಡಿದೆ. ಕೊಳ್ಳೋ ಮುಂಚೆ ಬಿಸಿಲಿಗೆ ಹಿಡಿದು ನೋಡಬೇಕು ಅನ್ನೋ ಬುದ್ಧಿ ನನಗೆ ಇರಲಿಲ್ಲ.

ನನ್ನ ಸ್ವಂತ ಫೋನನ್ನೇ ಕೂರಿಸಬಹುದಿತ್ತು. ಆದರೆ ಅದರ ಕ್ಯಾಮೆರಾದಲ್ಲಿ ನಡುಕ ತಡೆಯುವ ಓಐಎಸ್ ಇದೆ. ಒಳಗೆ ಲೆನ್ಸ್ ತೂಗಾಡುವ ಹಾಗೆ ಕೂತಿರುತ್ತೆ, ಬೈಕಿನ ಎಂಜಿನ್ ನಡುಕಕ್ಕೆ ಅದು ಕೆಡಬಹುದು ಅಂತ ಆಪಲ್‌ನವರೇ 2021ರಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ. ತೋಟದ ಫೋಟೊ ತೆಗೆದು ಆಫೀಸಿಗೆ ಕಳಿಸೋದೂ ಅದರಲ್ಲೇ. ಅದನ್ನು ಹ್ಯಾಂಡಲ್ ಮೇಲೆ ಬಲಿ ಕೊಡಲಾರೆ.

ಕೊನೆಗೆ ಬೀರುವಿನಲ್ಲಿ ಬಿದ್ದಿದ್ದ 5 ಇಂಚಿನ ಹಳೇ ಫೋನ್. ಓಐಎಸ್ ಇಲ್ಲ, ಹಿಂಬದಿ ಮುಚ್ಚಳ ತೆಗೆದರೆ ಬ್ಯಾಟರಿ ಕೈಗೆ ಬರುತ್ತೆ, ಸಿಮ್ ಹಾಕಲಿಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ಹಾಕಿ ಕರ್ನಾಟಕದ ನಕ್ಷೆ ಇಳಿಸಿಕೊಂಡೆ. ಅದಕ್ಕೆ ನೆಟ್ ಬೇಡ, ದುಡ್ಡೂ ಬೇಡ. ನಾಲೆ ಏರಿ, ಗದ್ದೆ ದಾರಿಗಳನ್ನು ಯಾರೋ ಪುಣ್ಯಾತ್ಮರು ಕೂತು ಗೆರೆ ಎಳೆದಿಟ್ಟಿದ್ದಾರೆ.

ಮೊದಲ ದಿನ ಅಂಗಳದಲ್ಲಿಟ್ಟರೆ ಹತ್ತು ನಿಮಿಷವಾದರೂ ನಾನಿರೋ ಜಾಗ ಸಿಗಲೇ ಇಲ್ಲ. ಕೆಟ್ಟುಹೋಗಿದೆ ಅಂದುಕೊಂಡೆ. ನೆಟ್ ಇಲ್ಲದಿದ್ದರೆ ಉಪಗ್ರಹಗಳ ಪೂರ್ತಿ ಪಟ್ಟಿ ಆಕಾಶದಿಂದಲೇ ಇಳಿಯಬೇಕು, ಅದಕ್ಕೆ ಹನ್ನೆರಡೂವರೆ ನಿಮಿಷ. ಕಾದೆ, ಸಿಕ್ಕಿತು. ಮಾರನೇ ದಿನದಿಂದ ಒಂದೆರಡು ನಿಮಿಷ ಸಾಕಾಯಿತು. ಹೆಲ್ಮೆಟ್ ಹಾಕಿಕೊಳ್ಳುವ ಮೊದಲೇ ಆನ್ ಮಾಡಿ ಸೀಟಿನ ಮೇಲೆ ಇಡುತ್ತೇನೆ.

2. ಕನ್ನಡಿ ಕಂಬಕ್ಕೆ (ಫೆಬ್ರವರಿ 9, ಭಾನುವಾರ)

280 ರೂಪಾಯಿಯ ಪ್ಲಾಸ್ಟಿಕ್ ಹೋಲ್ಡರ್. ಕನ್ನಡಿ ಬಿಚ್ಚಿ ಅದರ ಬುಡಕ್ಕೆ ಸಿಕ್ಕಿಸೋದು. 14ರ ಸ್ಪ್ಯಾನರ್ ಒಂದೇ ಸಾಕು, ಹತ್ತು ನಿಮಿಷದ ಕೆಲಸ. ಸುಲಭವಾಗಿ ಆಗೋ ಕೆಲಸವನ್ನು ಅನುಮಾನಿಸಬೇಕು ಅಂತ ನಮ್ಮ ಫಿಟ್ಟರ್ ಹೇಳ್ತಾನೆ, ನಿಜ. ಫೋನ್ ಹ್ಯಾಂಡಲ್‌ನ ತುದಿ ಕಡೆ, ಅದೂ ಮೇಲಕ್ಕೆ ಎದ್ದ ಕಡ್ಡಿ ಮೇಲೆ ಕೂತಿದೆ. 45ರ ವೇಗದಲ್ಲಿ ಸ್ಕ್ರೀನಿನ ಅಕ್ಷರ ಎರಡೆರಡಾಗಿ ಕಂಡವು. ಕನ್ನಡಿಯೂ ಸಡಿಲಾಗಿ, ಹಿಂದೆ ಬರೋ ಲಾರಿ ಬದಲು ಆಕಾಶ ತೋರಿಸತೊಡಗಿತು.

ಹಿಡಿತ ಬರಲಿ ಅಂತ ನಮ್ಮದೇ ಸರಕು ಬಳಸಿದೆ: ಗಿಡದ ಸಾಲಿಗೆ ಹಾಸೋ 16 ಎಂಎಂ ಲ್ಯಾಟರಲ್ ಪೈಪನ್ನು ಉದ್ದಕ್ಕೆ ಸೀಳಿ ಒಳಗೆ ಸುತ್ತಿದೆ. ಉಪಯೋಗವಿಲ್ಲ. ಲ್ಯಾಟರಲ್ ಜಾರುತ್ತೆ, ಬಿಸಿಲಿಗೆ ಇನ್ನೂ ಜಾರುತ್ತೆ. ಮೂರನೇ ವಾರ ಹೋಲ್ಡರ್‌ನ ಒಂದು ಕಿವಿಯೇ ಮುರಿಯಿತು. ಫೋನ್ ರಾಗಿ ಕಣದ ಮೇಲೆ ಬಿದ್ದಿದ್ದರಿಂದ ಉಳಿಯಿತು.

3. ಬ್ಯಾಟರಿಗೆ ನೇರ (ಮಾರ್ಚ್ 9)

ಹೋಲ್ಡರ್ ಮುರಿಯೋದರೊಳಗೆ ಇನ್ನೊಂದು ವಿಷಯ ಗೊತ್ತಾಗಿತ್ತು. ಸ್ಕ್ರೀನ್ ಪೂರ್ತಿ ಬೆಳಕಿನಲ್ಲಿಟ್ಟರೆ ಹಳೇ ಫೋನ್ ಒಂದೂವರೆ ಗಂಟೆಗೆ ಮಲಗುತ್ತೆ. ಹಾಗಾಗಿ ಚಾರ್ಜರ್. 12 ವೋಲ್ಟ್ ತೆಗೆದುಕೊಂಡು 5 ವೋಲ್ಟ್ ಕೊಡುವ ಪುಟ್ಟ ಡಬ್ಬಿ, 350 ರೂಪಾಯಿ. ಪಕ್ಕದ ಕವರ್ ತೆಗೆದು ಬ್ಯಾಟರಿಯ ಎರಡು ಕಡೆಗೂ ನೇರ ಕೊಟ್ಟೆ. ವೈರನ್ನು ಟ್ಯಾಂಕ್ ಕೆಳಗಿಂದ ತಂದೆ. ಫ್ಯೂಸ್ ಹಾಕಲಿಲ್ಲ. ಹೌದು, ಹಾಕಲಿಲ್ಲ.

ಕೆಲಸ ಮಾಡಿತು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ವೈರ್ ಬಿಗಿಯಾಗುತ್ತಿತ್ತು, ಅದನ್ನು ನೋಡಿಯೂ ನೋಡದ ಹಾಗಿದ್ದೆ.

ಯುಗಾದಿಗೆ ಹೆಂಡತಿ ಊರಿಗೆ ಹೋದೆವು. ಮಾರ್ಚ್ 28ರ ರಾತ್ರಿ ಗಾಡಿ ನಿಲ್ಲಿಸಿದ್ದು, 30ಕ್ಕೆ ಹಬ್ಬ, 31ಕ್ಕೆ ಹೊಸತೊಡಕು, ಇನ್ನೊಂದು ದಿನ ಮಾವನವರು ಬಿಡಲಿಲ್ಲ. ಏಪ್ರಿಲ್ 2ರ ಬೆಳಿಗ್ಗೆ ಕೀ ತಿರುಗಿಸಿದರೆ ನ್ಯೂಟ್ರಲ್ ದೀಪ ಇಲ್ಲ, ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ. ಕಿಕ್ ಹೊಡೆದರೆ ಮಾತ್ರ ಗಾಡಿ ಶುರುವಾಯಿತು. ಹಳೇ ಸ್ಪ್ಲೆಂಡರ್‌ನ ದೊಡ್ಡ ಗುಣ ಅದು, ಕಿಡಿ ಮ್ಯಾಗ್ನೆಟ್‌ನಿಂದ ಬರುತ್ತೆ, ಬ್ಯಾಟರಿ ಸತ್ತರೂ ಎಂಜಿನ್ ಓಡುತ್ತೆ. ಆದರೆ ಹಾರ್ನ್ ಇಲ್ಲದೆ ಮಂಡ್ಯ ಸಂತೆ ಬೀದಿ ದಾಟೋದು ಹೇಗೆ ಅಂತ ಅವತ್ತು ಕಲಿತೆ.

ಕಾರಣ ಆಮೇಲೆ ಮೀಟರ್ ಇಟ್ಟು ನೋಡಿದೆ. ಅಂಥದ್ದೇ ಇನ್ನೊಂದು ಚಾರ್ಜರ್ ಫೋನ್ ಇಲ್ಲದೆಯೂ, ತನ್ನ ನೀಲಿ ದೀಪ ಉರಿಸಿಕೊಂಡು, 18 ಮಿಲಿಆಂಪ್ ಎಳೆಯುತ್ತಿತ್ತು. ನಾಲ್ಕೂವರೆ ದಿನ ಅಂದರೆ 108 ಗಂಟೆ. ಗುಣಿಸಿದರೆ ಸುಮಾರು 1.9 ಎಎಚ್. ಇರೋದೇ 2.5. ಕಾರಿನ ಬ್ಯಾಟರಿಗೆ ಇದು ಗೊತ್ತೂ ಆಗುತ್ತಿರಲಿಲ್ಲ. ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿದ ಮೇಲೆ ಬ್ಯಾಟರಿ ಎದ್ದಿತು, ಹೊಸದು ಕೊಳ್ಳುವುದು ತಪ್ಪಿತು.

4. ಹೆಡ್‌ಲೈಟ್ ವೈರಿಗೆ (ಏಪ್ರಿಲ್ 6)

ಇದು ಇಡೀ ಕೆಲಸದಲ್ಲಿ ದೊಡ್ಡ ದಡ್ಡತನ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಗಾಡಿ ಆಫ್ ಆದರೆ ಚಾರ್ಜರ್ ಕೂಡ ಆಫ್ ಆಗಬೇಕು. ಹೆಡ್‌ಲೈಟ್ ಎಂಜಿನ್ ಓಡುವಾಗ ಮಾತ್ರ ಉರಿಯುತ್ತೆ. ಹಾಗಾದರೆ ಹೆಡ್‌ಲೈಟ್ ವೈರಿನಿಂದಲೇ ತೆಗೆದುಕೊಂಡರೆ ಆಯಿತಲ್ಲ? ಎಷ್ಟು ಜಾಣ ನಾನು ಅಂದುಕೊಂಡು ಡೂಮ್ (ಹೆಡ್‌ಲೈಟ್ ಕೂತಿರೋ ಬಟ್ಟಲು) ಬಿಚ್ಚಿ, ನೀಲಿ ವೈರಿಗೆ ಚಾರ್ಜರ್‌ನ ಕೆಂಪು, ಹಸಿರಿಗೆ ಕಪ್ಪು ಸೇರಿಸಿದೆ. ಕಿಕ್ ಹೊಡೆದು ಸ್ವಿಚ್ ಹಾಕಿದೆ. ಚಾರ್ಜರ್ ದೀಪ ನಡುಗುತ್ತಾ ಹತ್ತಿತು. ಸ್ವಲ್ಪ ರೇಸ್ ಕೊಟ್ಟೆ. ಟಪ್ ಅಂತ ಸಣ್ಣ ಸದ್ದು, ಆಮೇಲೆ ಸುಟ್ಟ ಮೀನಿನಂಥ ವಾಸನೆ.

ಪುಣ್ಯಕ್ಕೆ ಫೋನ್ ಇನ್ನೂ ಸಿಕ್ಕಿಸಿರಲಿಲ್ಲ.

ಸುಟ್ಟ ಡಬ್ಬಿ ಹಿಡಿದುಕೊಂಡು ಗ್ಯಾರೇಜಿಗೆ ಹೋದೆ. ಅಲ್ಲಿನ ಹುಡುಗ ನಕ್ಕು ನಕ್ಕು ಸಾಕಾಗಿ ಹೇಳಿದ: "ಅಣ್ಣ, ಇದ್ರ ಎಡ್‌ಲೈಟು ಎಸಿ ಕಣಣ್ಣ. ಮ್ಯಾಗ್ನೆಟ್ಟಿಂದ ಬತ್ತದೆ. ಬ್ಯಾಟ್ರಿಗೂ ಅದುಕ್ಕೂ ಸಂಬಂದ್ವೇ ಇಲ್ಲ." ಚಾರ್ಜರ್‌ಗೆ ಬೇಕಾದದ್ದು ಬ್ಯಾಟರಿಯಿಂದ ಒಂದೇ ದಿಕ್ಕಿಗೆ ಹರಿಯೋ ಡಿಸಿ ಕರೆಂಟ್, ಎಸಿ ದಿಕ್ಕು ಬದಲಿಸುತ್ತಲೇ ಇರುತ್ತೆ. ಐಡಲ್‌ನಲ್ಲಿ ಹೆಡ್‌ಲೈಟ್ ಮಂಕಾಗಿ, ರೇಸ್ ಕೊಟ್ಟರೆ ಜೋರಾಗೋದನ್ನು ಹದಿನಾರು ವರ್ಷ ನೋಡಿದ್ದೇನೆ. ಯಾಕೆ ಅಂತ ಒಂದು ದಿನ ಕೇಳಿರಲಿಲ್ಲ.

ಅಲ್ಲಿಂದ ನೇರ ಹೋಗಿ 350 ಕೊಟ್ಟು ಮಲ್ಟಿಮೀಟರ್ ತಂದೆ. ಮೊದಲೇ ತಂದಿದ್ದರೆ ಆ ದುಡ್ಡಿಗೆ ಚಾರ್ಜರ್ ಉಳಿಯುತ್ತಿತ್ತು. ನೀಲಿ ವೈರಿಗೆ ಮೀಟರ್ ಇಟ್ಟೆ. ಡಿಸಿಯಲ್ಲಿ ಅಂಕಿ ಒಂದು ಕಡೆ ನಿಲ್ಲದೆ ಕುಣಿಯಿತು. ಎಸಿಗೆ ತಿರುಗಿಸಿದರೆ ಐಡಲ್‌ನಲ್ಲಿ 10ರ ಆಸುಪಾಸು, ರೇಸ್‌ಗೆ 13. ಸರಿ, ಹುಡುಗ ನಕ್ಕಿದ್ದು ನ್ಯಾಯವೇ.

5. ಕಪ್ಪು ವೈರ್ (ಏಪ್ರಿಲ್ 13)

ಡೂಮ್ ಒಳಗೆ ವೈರುಗಳ ಕಂತೆಯಲ್ಲಿ ಒಂದು ಪೂರ್ತಿ ಕಪ್ಪು ವೈರ್ ಇದೆ. ಬೇರೆ ಕಡೆ ಕಪ್ಪು ಅಂದರೆ ಅರ್ತ್, ಈ ಗಾಡಿಯಲ್ಲಿ ಉಲ್ಟಾ: ಕಪ್ಪು ಅಂದರೆ ಕೀ ದಾಟಿ ಬಂದ ಪ್ಲಸ್, ಹಸಿರು ಅರ್ತ್. ಎಂಜಿನ್ ಆಫ್, ಕೀ ಆನ್: ಮೀಟರಿನಲ್ಲಿ 12.4 ಡಿಸಿ, ಅಲ್ಲಾಡದೆ ನಿಂತಿತು. ಕೀ ಆಫ್: ಸೊನ್ನೆ. ನನಗೆ ಬೇಕಿದ್ದದ್ದು ಇದು. ಮೀಟರ್ ಕೈಯಲ್ಲಿದ್ದಿದ್ದರೆ ಮಾರ್ಚ್‌ನಲ್ಲೇ ಎರಡು ನಿಮಿಷಕ್ಕೆ ಸಿಗುತ್ತಿತ್ತು.

ಈ ಸಲ ವೈರ್ ಸಿಪ್ಪೆ ಸುಲಿದು ಸುತ್ತಲಿಲ್ಲ. ಬುಲೆಟ್ ಕನೆಕ್ಟರ್ (ಒತ್ತಿ ಸಿಕ್ಕಿಸೋ ವೈರ್ ಜೋಡಣೆ) ಬಿಚ್ಚಿ, ಎರಡು ಬಾಯಿಯ ಕನೆಕ್ಟರ್ ಹಾಕಿ ಅಲ್ಲಿಂದ ಕವಲು ತೆಗೆದೆ. ಮುಂದೆ ಬೇಡವಾದರೆ ಕಿತ್ತು ಹಾಕಬಹುದು, ಮೂಲ ವೈರಿಗೆ ಗಾಯವಿಲ್ಲ. ಕವಲಿನಿಂದ ನಾಲ್ಕು ಬೆರಳು ಅಂತರದಲ್ಲಿ 2 ಆಂಪ್ ಫ್ಯೂಸ್. ವೈರ್, ಫ್ಯೂಸ್ ಹೋಲ್ಡರ್ ಸೇರಿ 90 ರೂಪಾಯಿ. ಹೊಸ ಚಾರ್ಜರ್ 420, ಬಾಯಿಗೆ ರಬ್ಬರ್ ಮುಚ್ಚಳ ಇರೋದು. ಇನ್ನೊಂದು ಲಾಭ ಕೂಡಿಸಿದ ಮೇಲೆ ಹೊಳೆಯಿತು: ಡೂಮ್, ಹ್ಯಾಂಡಲ್, ಫೋನ್ ಮೂರೂ ಒಟ್ಟಿಗೆ ತಿರುಗುತ್ತವೆ. ಟ್ಯಾಂಕ್ ಕೆಳಗಿಂದ ಬರೋ ವೈರಿನ ಎಳೆದಾಟ ತಾನಾಗಿ ನಿಂತಿತು. ಹಳೇ ವೈರ್ ಬಿಚ್ಚಿ ನೋಡಿದರೆ, ಕುತ್ತಿಗೆ ಹತ್ತಿರ ಅದರ ಸಿಪ್ಪೆ ಸವೆದು ಒಳಗಿನ ತಾಮ್ರ ಮಿಣುಕುತ್ತಿತ್ತು. ಫ್ಯೂಸ್ ಇಲ್ಲದ ವೈರ್, ಅದರ ಮೇಲೆ ಪೆಟ್ರೋಲ್ ಟ್ಯಾಂಕ್. ಇದನ್ನು ಮನೆಯಲ್ಲಿ ಹೇಳಿಲ್ಲ.

ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡೋ ಸ್ವಿಚ್) ಹಾಕಿ ಅಂತ ಇಬ್ಬರು ಹೇಳಿದರು. ಹಾಕಲಿಲ್ಲ. ಫೋನ್ ಚಾರ್ಜ್ ಆಗುವಾಗ ಬ್ಯಾಟರಿ ಕಡೆಯಿಂದ ಎಳೆಯೋದು 0.6 ಆಂಪ್. ರಿಲೇಯ ಕಾಯಿಲ್ ಒಂದೇ ಅದರ ಕಾಲು ಭಾಗ ತಿನ್ನುತ್ತೆ. ಫಾಗ್ ಲೈಟ್‌ಗೆ ರಿಲೇ ಬೇಕು, ಇದಕ್ಕೆ ಬೇಡ.

ಬ್ಯಾಟರಿ ತುದಿಯಲ್ಲಿ ಅಳೆದದ್ದು: ಐಡಲ್‌ನಲ್ಲಿ, ಫೋನ್ ಚಾರ್ಜ್ ಆಗುತ್ತಿರುವಾಗ 12.6. ಸ್ಟ್ಯಾಂಡ್ ಹಾಕಿ ಹದವಾಗಿ ರೇಸ್ ಕೊಟ್ಟಾಗ 13.8. ಅಂದರೆ ಓಡುತ್ತಿದ್ದರೆ ಸಾಕಾಗುತ್ತೆ. ರೈಲ್ವೆ ಗೇಟಿನಲ್ಲಿ ಎಂಜಿನ್ ಆಫ್ ಮಾಡಿ ಕೀ ಆನ್‌ನಲ್ಲೇ ಬಿಟ್ಟರೆ ನಷ್ಟ.

6. ಪಟ್ಟಿ, ಬೋಲ್ಟು, ಹ್ಯಾಂಡಲು (ಏಪ್ರಿಲ್ 20)

ಫೋನ್ ನಡುವೆ ಬರಬೇಕು, ಸ್ಪೀಡೋಮೀಟರ್ ಮೇಲೆ. ವೆಲ್ಡಿಂಗ್ ಅಂಗಡಿಯಲ್ಲಿ 3 ಎಂಎಂ ದಪ್ಪದ, ಒಂದು ಇಂಚು ಅಗಲದ ಕಬ್ಬಿಣದ ಪಟ್ಟಿ ಕತ್ತರಿಸಿ, ತೂತು ಹೊಡೆಸಿ, ಫೋನ್ ಕೂರೋ ಕಡೆ ಬಗ್ಗಿಸಿ ತಂದೆ. 120 ರೂಪಾಯಿ. ಹ್ಯಾಂಡಲ್ ಹಿಡಿದಿರುವ ಎರಡು ಹೋಲ್ಡರ್‌ಗಳ ಬೋಲ್ಟ್ ಬಿಚ್ಚಿ, ಪಟ್ಟಿಯನ್ನು ಎರಡರ ಮೇಲೂ ಅಡ್ಡ ಇಟ್ಟು, ಅದೇ ಬೋಲ್ಟ್ ಹಾಕಿ ಬಿಗಿ ಮಾಡಿದೆ. ನೋಡೋಕೆ ಕಂಪನಿಯಲ್ಲೇ ಮಾಡಿದ ಹಾಗಿತ್ತು. ಎರಡು ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ.

ಮಂಗಳವಾರ ಬಸರಾಳು ರಸ್ತೆಯಲ್ಲಿ ಒಂದು ಗುಂಡಿ. ಮುಂದಿನ ಚಕ್ರ ಇಳಿದಾಗ ಎರಡೂ ಕೈಯ ಭಾರ ಹ್ಯಾಂಡಲ್ ಮೇಲೆ ಬಿತ್ತು. ಹ್ಯಾಂಡಲ್ ಕಟಕ್ ಅಂತ ಮುಂದಕ್ಕೆ ಹೊರಳಿತು. ಬ್ರೇಕ್ ಲಿವರ್ ನೆಲ ನೋಡುತ್ತಿದೆ, ನನ್ನ ಬೆರಳು ಗಾಳಿಯಲ್ಲಿವೆ. ಕಾಲಿನ ಬ್ರೇಕ್ ಇದ್ದದ್ದರಿಂದ, ವೇಗ 30 ಇದ್ದದ್ದರಿಂದ ನಿಂತೆ.

ಆದದ್ದು ಇಷ್ಟು. ಎರಡು ಹೋಲ್ಡರ್‌ಗಳ ತಲೆ ಒಂದೇ ಮಟ್ಟದಲ್ಲಿ ಇರಲಿಲ್ಲ, ಕೂದಲೆಳೆ ವ್ಯತ್ಯಾಸ. ನಾನು ಬಿಗಿ ಮಾಡಿದ್ದೆಲ್ಲ ಪಟ್ಟಿಯನ್ನು ಬಗ್ಗಿಸಲು ಹೋಯಿತು, ಹ್ಯಾಂಡಲ್ ಪೈಪನ್ನು ಅದುಮಲು ಬರಲೇ ಇಲ್ಲ. ಸಾಲದ್ದಕ್ಕೆ ಬೋಲ್ಟ್ ಹಳೇ ಅಳತೆಯದು. ಪಟ್ಟಿಯ 3 ಎಂಎಂ ಮೇಲೆ ಹೋದದ್ದು ಕೆಳಗೆ ಮರೆಗೆ (ಥ್ರೆಡ್ಡಿಗೆ) ಅಷ್ಟೇ ಕಡಿಮೆ. ಬಿಚ್ಚಿದಾಗ ಒಂದು ಬೋಲ್ಟಿನ ತುದಿಯ ಮರೆ ಮುರಿದುಹೋಗಿತ್ತು. ಹೊಸ ಬೋಲ್ಟ್ 60 ರೂಪಾಯಿ, ಗ್ಯಾರೇಜ್ ಹುಡುಗನ ಬೈಗುಳ ಪುಕ್ಕಟೆ: "ಫೋನ್ ಬಿದ್ರೆ ಇನ್ನೊಂದು ತಕಬೌದು ಅಣ್ಣ. ಆ ಬೋಲ್ಟು ಮಾತ್ರ ಮುಟ್ಬೇಡಿ."

ಪಟ್ಟಿ ಈಗ ಮನೆ ಹಿತ್ತಲಲ್ಲಿ ಬಾಗಿಲಿಗೆ ಒತ್ತು ಕೊಡುತ್ತೆ.

ಅದೇ ಸಂಜೆ 650 ಕೊಟ್ಟು ಲೋಹದ ಹೋಲ್ಡರ್ ತಂದೆ. ಹ್ಯಾಂಡಲ್ ಪೈಪನ್ನೇ ಹಿಡಿಯೋದು, 22 ಎಂಎಂಗೆ ಸರಿಯಾದ ಕ್ಲಾಂಪ್, ಫೋನಿನ ನಾಲ್ಕು ಮೂಲೆಗೆ ನಾಲ್ಕು ಉಗುರು. ಹ್ಯಾಂಡಲ್ ಹಿಡಿದಿರುವ ಆ ಎರಡು ಹೋಲ್ಡರ್‌ಗಳ ನಡುವೆ ಖಾಲಿ ಜಾಗದಲ್ಲಿ ಕೂತಿತು. ನಡುಕ ಎಲ್ಲಕ್ಕಿಂತ ಕಡಿಮೆ ಇರೋದು ಅಲ್ಲೇ. ಕ್ಲಾಂಪ್ ಒಳಗೆ ಸೈಕಲ್ ಟ್ಯೂಬಿನ ಒಂದು ಸುತ್ತು. ಎರಡು ಸುತ್ತು ಹಾಕಿ ನೋಡಿದೆ, ಮೆತ್ತಗಾಗಿ ಫೋನ್ ನಿಧಾನಕ್ಕೆ ತಲೆ ಬಗ್ಗಿಸುತ್ತೆ. ಒಂದೇ ಸರಿ. 50ರಲ್ಲೂ ರಸ್ತೆ ಹೆಸರು ಓದಬಹುದು.

7. ಬಿಸಿಲು (ಮೇ)

ಮಧ್ಯಾಹ್ನ ಒಂದರಿಂದ ಮೂರು ಗಂಟೆ ಫೋನ್ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತಿತ್ತು. ತಾನೇ ಚಾರ್ಜ್ ನಿಲ್ಲಿಸುತ್ತಿತ್ತು, ನಾನು ಚಾರ್ಜರ್ ಕೆಟ್ಟಿತು ಅಂತ ಫ್ಯೂಸ್ ತೆಗೆದು ನೋಡುತ್ತಿದ್ದೆ. ಮೇ 4ಕ್ಕೆ ಹಿಂಬದಿ ಮುಚ್ಚಳ ಒಂದು ಮೂಲೆಯಲ್ಲಿ ಎದ್ದಿದೆ. ತೆಗೆದರೆ ಬ್ಯಾಟರಿ ತುಂಬಿದ ದಿಂಬಿನ ಹಾಗೆ ಉಬ್ಬಿದೆ. ಅದನ್ನು ಒತ್ತಿ ಮುಚ್ಚೋಕೆ ಹೋಗಬೇಡಿ, ನಾನು ಅರ್ಧ ಒತ್ತಿ ಆಮೇಲೆ ಬುದ್ಧಿ ಬಂದು ಕೈ ಬಿಟ್ಟೆ. ಹೊಸ ಬ್ಯಾಟರಿ 400. ಈಗ ದಾರಿ ಗೊತ್ತಿರುವ ಕಡೆ ಸ್ಕ್ರೀನ್ ಆಫ್, ಚಾರ್ಜ್ ನೂರಕ್ಕೆ 80 ದಾಟಿದರೆ ಕೇಬಲ್ ಕೀಳುತ್ತೇನೆ.

ನೆರಳಿಗೆ ಒಂದು ಮಾಡು ಬೇಕಿತ್ತು. ಗೋಡೌನಿನಲ್ಲಿ ಬಿದ್ದಿದ್ದ ಬಿಳಿ ಪಿವಿಸಿ ಪೈಪಿನ ತುಂಡು ಸೀಳಿ, ಗ್ಯಾಸ್ ಒಲೆ ಮೇಲೆ ಹಿಡಿದು ಚಪ್ಪಟೆ ಮಾಡಲು ಹೋದೆ. ಒಂದು ಅಂಚು ಕಂದಾಗಿ ಗುಳ್ಳೆ ಎದ್ದಿತು, ಕಣ್ಣು ಉರಿಯುವ ಹೊಗೆ. "ಸಾರು ಮಾಡೋ ಒಲೇಲಿ ಪೈಪ್ ಬೇಯ್ಸ್ತಿದೀರಲ್ಲ, ನಿಮ್ಗೇನ್ ಬಂದಿರೋದು!" ಅಂತ ಹೆಂಡತಿ ಹೊರಗೆ ಹಾಕಿದಳು. ಲ್ಯಾಟರಲ್ ತುದಿಯನ್ನು ಬಿಸಿನೀರಿಗೆ ಅದ್ದಿ ಮೆತ್ತಗೆ ಮಾಡಿ ಕನೆಕ್ಟರ್ ತುರುಕೋದು ನಾನು ದಿನಾ ಮಾಡೋ ಕೆಲಸ, ಅದು ಆಗ ನೆನಪಾಗಬೇಕೆ! ಸ್ನಾನದ ಹಂಡೆಯ ಕುದಿನೀರಿಗೆ ಅದ್ದಿದೆ. ಒಂದು ನಿಮಿಷಕ್ಕೆ ಚಪಾತಿ ಹಿಟ್ಟಿನ ಹಾಗೆ ಬಗ್ಗಿತು. ಎರಡು ಹಲಗೆ ನಡುವೆ ಒತ್ತಿ, ತಣಿದ ಮೇಲೆ ಮೂರು ಕಡೆ ಮಡಿಸಿ, ಹೋಲ್ಡರಿಗೆ ಎರಡು ಟೈ ಹಾಕಿ ಕಟ್ಟಿದೆ. ಒಳಬದಿಗೆ ಕಪ್ಪು ಟೇಪ್. ಬಿಳಿ ಇದ್ದಾಗ ಅದರ ಹೊಳಪೇ ಸ್ಕ್ರೀನಿನಲ್ಲಿ ಕಾಣುತ್ತಿತ್ತು.

8. ಓಡಿಸುವಾಗ ಗೊತ್ತಾದದ್ದು

ಬೆಳಿಗ್ಗೆ ಮನೆಯಲ್ಲಿ ವಾಟ್ಸ್ಆ್ಯಪ್ ಲೊಕೇಶನ್‌ಗಳ ಅಕ್ಷಾಂಶ, ರೇಖಾಂಶದ ಅಂಕಿ ನೋಡಿಕೊಂಡು ಹಳೇ ಫೋನಿನಲ್ಲಿ ಟೈಪ್ ಮಾಡಿ ಗುರುತು ಹಾಕುತ್ತೇನೆ. ಮೊದಲ ದಿನ ಸೋಮಾರಿತನಕ್ಕೆ ಚುಕ್ಕಿಯ ನಂತರ ಎರಡೇ ಅಂಕಿ ಹಾಕಿದ್ದೆ, ಪಕ್ಕದೂರಿನ ಕಬ್ಬಿನ ಗದ್ದೆಗೆ ಹೋಗಿ ನಿಂತೆ. ಎರಡನೇ ಅಂಕಿ ಒಂದು ಹೆಚ್ಚು ಕಡಿಮೆಯಾದರೆ ನೆಲದ ಮೇಲೆ ಒಂದು ಕಿಲೋಮೀಟರ್ ಮೇಲೆ ವ್ಯತ್ಯಾಸ. ನಾಲ್ಕನೇ ಅಂಕಿವರೆಗೆ ಹಾಕಿದರೆ 11 ಮೀಟರ್ ಒಳಗೆ, ತೋಟದ ಗೇಟಿಗೇ ಹೋಗುತ್ತೆ.

ನಾನು ಹಾಕಿಕೊಂಡ ಹೊತ್ತಿಗೆ ಆ್ಯಪ್‌ನಲ್ಲಿ ಬೈಕ್ ಅಂತ ಬೇರೆ ಆಯ್ಕೆ ಇರಲಿಲ್ಲ, ಕಾರನ್ನೇ ಆರಿಸಬೇಕು. ಹಾಗೇ ಬಿಟ್ಟರೆ ಮದ್ದೂರಿನಿಂದ ಬರುವಾಗ ಎಕ್ಸ್‌ಪ್ರೆಸ್‌ವೇಗೆ ಕಳಿಸುತ್ತೆ. ಅಲ್ಲಿ 2023ರ ಆಗಸ್ಟ್ 1ರಿಂದ ನಮಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ. ಟೋಲ್ ರಸ್ತೆ ಬೇಡ, ಹೆದ್ದಾರಿ ಬೇಡ ಅಂತ ಎರಡನ್ನೂ ಒತ್ತಿಟ್ಟೆ. ಮಣ್ಣಿನ ರಸ್ತೆ ಬೇಡ ಅನ್ನೋದನ್ನು ಮಾತ್ರ ಒತ್ತಬಾರದು, ಒತ್ತಿದರೆ ನಮ್ಮ ಗಿರಾಕಿಗಳಲ್ಲಿ ಅರ್ಧ ಜನರ ತೋಟಕ್ಕೆ ದಾರಿಯೇ ಇರಲ್ಲ.

ಎಲ್ಲಾ ಸರಿಯಾದ ಮೇಲೆ ಒಂದು ದಿನ ಡಬ್ಬಿ ನನ್ನನ್ನು ಮೀಟರ್ ಲೆಕ್ಕದಲ್ಲಿ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಟೀ ಅಂಗಡಿ ಮುಂದೆ. ರೈತರಿಗೆ ಫೋನ್ ಮಾಡಿದರೆ, "ಓ, ಅದ್ನ ಹಾಕ್ದಾಗ ನಾನು ಟೀ ಕುಡೀತಿದ್ದೆ ಕಣ್ ಸಾ." ಈಗ ಎಲ್ಲರಿಗೂ ಹೇಳೋದು ಒಂದೇ: ಬೋರ್‌ವೆಲ್ ಸ್ಟಾರ್ಟರ್ ಡಬ್ಬದ ಪಕ್ಕ ನಿಂತು ಕಳಿಸಿ.

9. ಮಳೆ, ಮತ್ತು ಲೆಕ್ಕ (ಜೂನ್)

ಮಳೆಗೆ ಪಾರದರ್ಶಕ ಕವರ್ ಸುತ್ತುತ್ತೇನೆ. ನೀರು ಒಳಗೆ ಹೋಗಲ್ಲ, ಆದರೆ ಹನಿ ಬಿದ್ದ ಕಡೆಯೆಲ್ಲ ಸ್ಕ್ರೀನ್ ತಾನೇ ಒತ್ತಿಕೊಳ್ಳುತ್ತೆ. ಒಮ್ಮೆ ಶಿವಳ್ಳಿಗೆ ಹೊರಟವನನ್ನು ಹಿಂದಕ್ಕೆ ತಿರುಗು ಅಂತ ಹಠ ಹಿಡಿಯಿತು. ಮಳೆ ಶುರುವಾದರೆ ನಿಲ್ಲಿಸಿ ಸ್ಕ್ರೀನ್ ಆಫ್ ಮಾಡೋದೇ ದಾರಿ.

ನಡುಕಕ್ಕೆ ಫೋನಿನ ಚಾರ್ಜಿಂಗ್ ಬಾಯಿ ಸಡಿಲಾಯಿತು, ರಿಪೇರಿ 200. ನೆಟ್ಟಗೆ ಚಾಚಿದ ಪಿನ್ ಗುಂಡಿ ಗುಂಡಿಗೂ ಸನ್ನೆಗೋಲಿನ ಹಾಗೆ ಮೀಟುತ್ತಿತ್ತು. ಎಲ್ ಆಕಾರದ ಪಿನ್ ಇರುವ ಕೇಬಲ್ 180ಕ್ಕೆ ತಂದು, ಅದನ್ನು ಹೋಲ್ಡರಿಗೇ ಟೈ ಹಾಕಿ ಕಟ್ಟಿ, ಒಂದು ಬೆರಳು ಸಡಿಲ ಬಿಟ್ಟೆ. ಆಮೇಲೆ ತೊಂದರೆಯಿಲ್ಲ.

ಒಟ್ಟು ಖರ್ಚು 4,600. ಗಾಡಿ ಮೇಲೆ ನಿಜಕ್ಕೂ ಉಳಿದದ್ದು 2,000: ಹೋಲ್ಡರ್, ಎರಡನೇ ಚಾರ್ಜರ್, ವೈರ್ ಮತ್ತು ಫ್ಯೂಸ್, ಕೇಬಲ್, ಬ್ಯಾಟರಿ, ಬಾಯಿ ರಿಪೇರಿ, ಬೋಲ್ಟು. ಮಲ್ಟಿಮೀಟರ್ 350, ಅದು ಮನೆಗೆ ಆಸ್ತಿ. ಉಳಿದ 2,250 ನೀರಲ್ಲಿ ಹೋಮ. ಕಾರಿನ ನ್ಯಾವಿಗೇಟರ್ ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ, ಬಿಸಿಲಿಗೆ ಹಿಡಿದು ನೋಡಿಯೇ ತೆಗೆದುಕೊಂಡು ಹೋಗಿ.

ಬಾಕಿ ಇರೋದು ಒಂದೇ. 60 ದಾಟಿದರೆ ಪಿವಿಸಿ ಮಾಡು ಗಾಳಿಗೆ ಕೊಳಲಿನ ಹಾಗೆ ಊದುತ್ತೆ. ಅಂಚಿಗೆ ಸೀಳಿದ ಲ್ಯಾಟರಲ್ ಸಿಕ್ಕಿಸಿ ನೋಡಬೇಕು ಅಂತಿದ್ದೇನೆ, ಭಾನುವಾರ ಮಳೆ ಬಿಟ್ಟರೆ.